ಕಣ್ಣ ಮುಂದಿನ ಗಾಜು

ನನ್ನ ಕ್ಯಾಮೆರಾ ಬ್ಯಾಗಿಗೆ ಪಿರಿಯಾಪಟ್ಟಣದ ಮನೆಯಲ್ಲಿ ಅಮ್ಮ ಇಟ್ಟಿರುವ ಹೆಸರು ‘ಗಾಜಿನಂಗಡಿ’. ತಪ್ಪೇನಿಲ್ಲ ಬಿಡಿ. ಅದರಲ್ಲಿ ಲೆನ್ಸಿಗಿಂತ ಫಿಲ್ಟರ್‌ಗಳೇ ಜಾಸ್ತಿ. ಎಲ್ಲಾ ಅಂಗೈಯಗಲದ ಚೌಕ ಗಾಜುಗಳು. ಲೆನ್ಸ್ ಮುಂದೆ ಒಂದು ಹೋಲ್ಡರ್ ಸಿಕ್ಕಿಸಿ, ಮೇಲಿಂದ ಗಾಜು ಜಾರಿಸಿದರೆ ಆಯ್ತು.

‘ಎಲ್ಲಾ ಫೋನಲ್ಲೇ ಎಡಿಟ್ ಆಗುತ್ತೆ, ಇದ್ಯಾಕೋ?’ ಅಂತ ಆಫೀಸಲ್ಲಿ ಕೇಳ್ತಾರೆ. ಬಣ್ಣ, ಹೊಳಪು ಆಮೇಲೆ ಬದಲಾಯಿಸಬಹುದು, ನಿಜ. ಆದರೆ ಹಾಡಹಗಲಲ್ಲಿ ಶಟರ್ ಅರ್ಧ ನಿಮಿಷ ತೆರೆದಿಡಬೇಕಾದರೆ ಬೆಳಕನ್ನು ಬಾಗಿಲಲ್ಲೇ ತಡೆಯಬೇಕು. ಅದಕ್ಕೇ ಎನ್‌ಡಿ ಫಿಲ್ಟರ್. ಒಂದು ಸ್ಟಾಪಿಗೆ ಬೆಳಕು ಅರ್ಧ ಆಗುತ್ತೆ; 10 ಸ್ಟಾಪ್ ಅಂದರೆ ಹೆಚ್ಚುಕಡಿಮೆ ಸಾವಿರದಲ್ಲಿ ಒಂದು ಪಾಲು. ಸೆಕೆಂಡಿನ 30ನೇ ಒಂದು ಭಾಗದಲ್ಲಿ ಬರುವ ಫೋಟೋಗೆ ಸುಮಾರು 34 ಸೆಕೆಂಡ್ ಬೇಕಾಗುತ್ತೆ. ಅಷ್ಟು ಹೊತ್ತು ಬಿದ್ದ ನೀರೆಲ್ಲ ಸೇರಿ ಹಾಲಿನಂತೆ ಕಾಣುತ್ತೆ.

ಹೋದ ವರ್ಷ ಆಗಸ್ಟಿನಲ್ಲಿ ಅಪ್ಪ-ಅಮ್ಮನನ್ನು ಚುಂಚನಕಟ್ಟೆಗೆ ಕರೆದುಕೊಂಡು ಹೋಗಿದ್ದೆ. ಕಾವೇರಿ ತುಂಬಿ ಧುಮ್ಮಿಕ್ಕುತ್ತಿದ್ದಳು. ಪಕ್ಕದಲ್ಲೇ ಕೋದಂಡರಾಮನ ಗುಡಿ. ಗರ್ಭಗುಡಿಯೊಳಗೆ ಜಲಪಾತದ ಸದ್ದು ಕೇಳಿಸಲ್ಲ ಅನ್ನುವುದು ಊರವರ ನಂಬಿಕೆ. ಅವರಿಬ್ಬರೂ ದರ್ಶನಕ್ಕೆ ಹೋದರು, ನಾನು ಟ್ರೈಪಾಡ್ ಊರಿದೆ.

10 ಸ್ಟಾಪ್ ಗಾಜು ಹಾಕಿದ ಮೇಲೆ ವ್ಯೂಫೈಂಡರ್‌ನಲ್ಲಿ ಕತ್ತಲೆ ಬಿಟ್ಟು ಹೆಚ್ಚೇನೂ ಕಾಣಲ್ಲ. ಹಾಗಾಗಿ ಮೊದಲು ಫ್ರೇಮ್ ನೋಡಿ, ಫೋಕಸ್ ಮಾಡಿ, ಅದನ್ನು ಮ್ಯಾನುಯಲ್‌ಗೆ ಹಾಕಿಟ್ಟು, ಆಮೇಲೆ ಗಾಜು ಜಾರಿಸಬೇಕು. ತಿರುಪಿ ಹಾಕುವ ದುಂಡು ಫಿಲ್ಟರ್ ಆದರೆ ತಿರುಪುವಷ್ಟರಲ್ಲಿ ಫೋಕಸ್ ಕದಲಿಬಿಡಬಹುದು. ಜಾರಿಸುವ ಗಾಜಿನ ಸುಖ ಇದೇ.

ಆದರೆ ನಾನು ಕೊಂಡಿದ್ದು ಅಗ್ಗದ ಗಾಜು. ಅಂಥವು ಬೆಳಕು ತಡೆಯುವುದರ ಜೊತೆಗೆ ತಮ್ಮ ಬಣ್ಣವನ್ನೂ ಬಳಿದುಬಿಡ್ತವೆ. ಸ್ಕ್ರೀನ್ ನೋಡಿದ ಅಮ್ಮ, ‘ಅಯ್ಯೋ, ನೀರಿಗೆ ಟೀ ಸುರಿದಂಗದಲ್ಲಪ್ಪಾ!’ ಅಂದರು.

ಅಪ್ಪ ಕಣ್ಣು ಕಿರಿದು ಮಾಡಿ ನೋಡಿ, ‘ಸರಿಯಾಗೇ ಅದೆ ಕಣ್ಲಾ, ಬೆಳ್ಳಗೇ ಅದೆ’ ಅಂದರು.

ನಾನು ನಕ್ಕೆ. ವಾಪಸ್ ಬರುವಾಗ ಹಿಂದಿನ ಸೀಟಿಂದ ಅಮ್ಮ ಮೆಲ್ಲಗೆ ಹೇಳಿದರು: ಹಿಂದಿನ ಸಲ ಹರಾಜಿನಲ್ಲಿ ನಮ್ಮ ಹೊಗೆಸೊಪ್ಪಿಗೆ ರೇಟು ಬಿದ್ದಿತ್ತಂತೆ. ಬಣ್ಣಬಣ್ಣದ ಎಲೆ ಒಂದೇ ಬೇಲಿನಲ್ಲಿ ಬೆರೆತಿತ್ತಂತೆ. ನಿಂಬೆ ಹಳದಿ ಒಂದು ಕಡೆ, ಕಿತ್ತಳೆ ಒಂದು ಕಡೆ, ಕಂದು ಒಂದು ಕಡೆ ಅಂತ 30 ವರ್ಷ ಎಲೆ ವಿಂಗಡಿಸಿದ ಕೈ ಅದು. ಅಪ್ಪ ಯಾರಿಗೂ ಏನೂ ಹೇಳಿರಲಿಲ್ಲ. ಕಾರಲ್ಲೂ ಕಿಟಕಿಯಾಚೆ ನೋಡುತ್ತಾ ಕೂತಿದ್ದರು.

ಮೈಸೂರಿನಲ್ಲಿ ಡಾಕ್ಟರ್ ನೋಡಿ, ಎರಡೂ ಕಣ್ಣಲ್ಲಿ ಪೊರೆ ಅಂದರು. ವಯಸ್ಸಾದಂತೆ ಕಣ್ಣಿನ ಲೆನ್ಸೇ ಹಳದಿಗಟ್ಟುತ್ತೆ. ನಿಧಾನವಾಗಿ ಆಗುವುದರಿಂದ ನೋಡುವವರಿಗೇ ಗೊತ್ತಾಗಲ್ಲ. ಅಂದರೆ ಅಪ್ಪನ ಕಣ್ಣಲ್ಲೇ ಒಂದು ಫಿಲ್ಟರ್ ಇತ್ತು. ನನ್ನದನ್ನಾದರೆ ಮೇಲಕ್ಕೆ ಎಳೆದರೆ ಆಯ್ತು.

ಸೆಪ್ಟೆಂಬರಿನಲ್ಲಿ ಮೊದಲ ಕಣ್ಣಿನ ಆಪರೇಷನ್ ಆಯ್ತು. ಕೆಲವು ದಿನ ಕಳೆದು ಜಗಲಿ ಮೇಲೆ ಕೂತ ಅಪ್ಪ, ಒಣಗಿಹಾಕಿದ್ದ ಬಿಳಿ ಟವೆಲನ್ನು ಒಂದು ಕಣ್ಣು ಮುಚ್ಚಿ ನೋಡಿದರು, ಆಮೇಲೆ ಇನ್ನೊಂದು ಮುಚ್ಚಿ. ‘ಇದರಲ್ಲಿ ಬೆಳ್ಳಗದೆ, ಇದರಲ್ಲಿ ಮಾಸಲು. ಇಷ್ಟು ದಿನ ಟವೆಲೇ ಹಿಂಗೆ ಅನ್ಕೊಂಡಿದ್ದೆ’ ಅಂದರು. ಆಮೇಲೆ ಅವರೇ ಕೇಳಿದರು, ‘ಆ ಚುಂಚನಕಟ್ಟೆ ಫೋಟೋ ತೋರ್ಸು.’ ನೋಡಿ, ‘ಥೂ, ಟೀ ಕಣ್ಲಾ ಇದು!’

ಎಲೆ ವಿಂಗಡಿಸುವ ಹೊತ್ತಿಗೆ ಎರಡನೇ ಕಣ್ಣೂ ಆಗಿತ್ತು. ನಾನೂ ವಾರ ರಜೆ ಹಾಕಿ ಜೊತೆಗೆ ಕೂತೆ. ಅಪ್ಪ ಒಂದೊಂದು ಎಲೆಯನ್ನೂ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ನಾನು ಹಾಕಿದ ಎಲೆಗಳನ್ನು ಮಾತಾಡದೆ ತೆಗೆದು ಬೇರೆ ಗುಡ್ಡೆಗೆ ಹಾಕುತ್ತಿದ್ದರು.

ಈಗ ಫಿಲ್ಟರ್ ಜಾರಿಸುವ ಮೊದಲು ಅದೇ ಫ್ರೇಮನ್ನು ಬರಿಗಾಜಿನಲ್ಲಿ ಒಂದು ಸಲ ಕ್ಲಿಕ್ ಮಾಡಿಟ್ಟುಕೊಳ್ತೀನಿ. ಪಕ್ಕದಲ್ಲಿಟ್ಟು ನೋಡಿದರೆ ಗಾಜು ಸೇರಿಸಿದ ಬಣ್ಣ ಎಷ್ಟು ಅಂತ ಗೊತ್ತಾಗುತ್ತೆ. ರಾ ಫೈಲ್ ಇದ್ದರೆ ವೈಟ್ ಬ್ಯಾಲೆನ್ಸ್‌ನಲ್ಲಿ ಬಹುಪಾಲು ಸರಿಯಾಗುತ್ತೆ. ನೀವೂ ಹೀಗೇ ಮಾಡಿ. ಹಾಗೇ, ಮುಂದಿನ ಸಲ ಊರಿಗೆ ಹೋದಾಗ ಅಪ್ಪ-ಅಮ್ಮನನ್ನು ಒಂದು ಕಣ್ಣು ಮುಚ್ಚಿ ಬಿಳಿ ಟವೆಲ್ ನೋಡಲು ಹೇಳಿ. ಎರಡೂ ಕಣ್ಣಲ್ಲಿ ಒಂದೇ ಥರ ಕಂಡರೂ ಸುಮ್ಮನಾಗಬೇಡಿ, ಒಮ್ಮೆ ಡಾಕ್ಟರಿಗೆ ತೋರಿಸಿಬಿಡಿ.