ಅಪ್ಪೆಹುಳಿಯೂ ಶಾಂಪೇನೂ

ಶಾಂಪೇನ್ ಎಂದೊಡನೆ ನಮ್ಮ ವಾಚಕರ ಕಣ್ಣಿಗೆ ಕಟ್ಟುವುದು, ಪಂದ್ಯ ಗೆದ್ದ ಕ್ರೀಡಾಪಟುಗಳು ಪರಸ್ಪರರ ಮೇಲೆ ಎರಚಿಕೊಳ್ಳುವ ನೊರೆಯೇ ಹೊರತು ಭೋಜನಪಂಕ್ತಿಯಲ್ಲ. ಶಿರಸಿ ಸೀಮೆಯ ಭೈರುಂಬೆಯ ಹವ್ಯಕರ ಪಂಕ್ತಿಯಲ್ಲಿ ಮದ್ಯಕ್ಕೆ ಸ್ಥಾನವಿಲ್ಲ; ಇರಬೇಕೆಂದು ನಾನು ವಾದಿಸುವವನೂ ಅಲ್ಲ. ಆದರೂ ಪಾನೀಯವೊಂದು ಯಾವ ಅಡುಗೆಗೆ ಒಗ್ಗುತ್ತದೆಂದು ತಿಳಿಯಬಯಸುವವನು ಅದು ಹುಟ್ಟಿದ ನೆಲವನ್ನು ಮೊದಲು ವಿಚಾರಿಸಬೇಕೆಂಬ ಮಾತು, ಅಪ್ಪೆಹುಳಿ ಕುಡಿದು ಬೆಳೆದ ಸೀಮೆಯವರಿಗೆ ಬೇಗನೆ ಮನದಟ್ಟಾಗತಕ್ಕದ್ದು.

ಅಘನಾಶಿನಿ, ಬೇಡ್ತಿ ನದಿಗಳ ದಂಡೆಯಲ್ಲಿ ಯಾರೂ ನೆಡದೆ ಬೆಳೆದ ಮರಗಳಿಂದ ಇಳಿಸಿದ ಅಪ್ಪೆಮಿಡಿ ಮಾವಿನ ತೊಟ್ಟು ಮುರಿದೊಡನೆ ಚಿಮ್ಮುವ ಸೊನೆಯಲ್ಲಿ, ಒಂದು ಮರದ್ದಾದರೆ ಜೀರಿಗೆಯ, ಮತ್ತೊಂದರದ್ದಾದರೆ ಕರ್ಪೂರದ ಪರಿಮಳವಿರುತ್ತದೆ. ಆ ಮಿಡಿಯನ್ನು ಬೇಯಿಸಿ ಕಿವುಚಿ, ನೀರು, ಉಪ್ಪು, ಹಸಿಮೆಣಸು ಬೆರೆಸಿ, ಕೊಬ್ಬರಿ ಎಣ್ಣೆಯಲ್ಲಿ ಇಂಗಿನ ಒಗ್ಗರಣೆ ಕೊಟ್ಟು ಬಡಿಸಿದ ನೀರಾದ ಹುಳಿಯನ್ನು ಬೊಗಸೆಯೊಡ್ಡಿ ಕುಡಿದಾಗ, ಕರಿದ ತಿಂಡಿಯ ಜಿಡ್ಡು ನಾಲಿಗೆಯಿಂದ ತೊಳೆದುಹೋಗಿ ಮುಂದಿನ ತುತ್ತಿಗೆ ರುಚಿ ಹೊಸದಾಗುವುದು.

ಪ್ಯಾರಿಸ್ಸಿನ ಈಶಾನ್ಯಕ್ಕಿರುವ ಶಾಂಪೇನ್ ಪ್ರಾಂತದ ವೃತ್ತಾಂತವೂ ಈ ಹುಳಿಯದೇ. ದ್ರಾಕ್ಷಿ ಬೆಳೆಯಬಲ್ಲ ಉತ್ತರದ ಅಂಚಿಗೆ ಸಮೀಪದ ಚಳಿಸೀಮೆ ಅದು, ಸೀಮೆಸುಣ್ಣದ ನೆಲ, ಹಣ್ಣು ಪಕ್ವವಾದರೂ ಆಮ್ಲ ಉಳಿದೇ ಇರುವುದು. ಚಳಿಗಾಲ ಬಂದೊಡನೆ ಹುದುಗುವಿಕೆ ನಿಂತು, ವಸಂತದಲ್ಲಿ ಮತ್ತೆ ಆರಂಭವಾಗಿ ಪೀಪಾಯಿಗಳಲ್ಲೂ ಸೀಸೆಗಳಲ್ಲೂ ನೊರೆಯೇಳುತ್ತಿದ್ದುದು ಅಲ್ಲಿಯವರಿಗೆ ಬಹುಕಾಲ ಉಪದ್ರವವೇ ಆಗಿತ್ತು. 1715ರಲ್ಲಿ ತೀರಿಕೊಂಡ ಸಂನ್ಯಾಸಿ ದೋಂ ಪೆರಿನ್ಯೋನ್ ಆ ನೊರೆಯನ್ನು ಕಂಡುಹಿಡಿದನೆಂಬುದು ವರ್ತಕರು ಪೋಷಿಸಿದ ಕಥೆ. ಆತ ಅದನ್ನು ತಡೆಯಲೆಳಸಿದವನು. ಈಗಲಾದರೋ ಸೀಸೆಯೊಳಗೇ ಎರಡನೆಯ ಸಲ ಹುದುಗಿಸಿ, ಸಾಮಾನ್ಯದ್ದನ್ನೂ ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿಡುತ್ತಾರೆ.

ಹೊರಗಿನ ದ್ರಾಕ್ಷಿ ತಂದು ಅದೇ ಹೆಸರಿನಲ್ಲಿ ಮಾರಿದ ವರ್ತಕರ ಮೇಲೆ 1911ರಲ್ಲಿ ಅಲ್ಲಿಯ ಬೆಳೆಗಾರರು ದಂಗೆಯೆದ್ದರು. 1936ರಲ್ಲಿ ಹೆಸರಿಗೆ ಕಾನೂನಿನ ಬೇಲಿ ಬಿತ್ತು. ನಂದಿಬೆಟ್ಟದ ತಪ್ಪಲಲ್ಲಿ ಕನ್ವಲ್ ಗ್ರೋವರ್ ದ್ರಾಕ್ಷಿತೋಟ ಮಾಡುವಾಗ ಸಲಹೆಗೆ ನಿಂತವರು ಶಾಂಪೇನಿನವರೇ ಆದ ಜಾರ್ಜ್ ವೆಸೆಲ್. ಆದರೂ ಆ ತೋಟದ ಹಣ್ಣಿನಿಂದ, ಅದೇ ಕ್ರಮದಲ್ಲಿ ಮಾಡಿದ ಮದ್ಯಕ್ಕೂ ಶಾಂಪೇನೆಂಬ ಹೆಸರು ಸಲ್ಲದು. ಇದು ನನಗೆ ನ್ಯಾಯವೆಂದೇ ತೋರುತ್ತದೆ. ನಮ್ಮ ಅಪ್ಪೆಮಿಡಿಗೂ, 2019ರಲ್ಲಿ ಶಿರಸಿ ಸುಪಾರಿಗೂ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಆದರೆ ಉಪ್ಪಿನಕಾಯಿಯ ಭರಣಿ ಕೊಳ್ಳುವಾಗ ಇದು ಯಾವ ಹೊಳೆಯ ದಂಡೆಯ ಮಿಡಿಯೆಂದು ಕೇಳುವ ಗಿರಾಕಿ ಎಷ್ಟು ಮಂದಿ?

ಬೆಂಗಳೂರಿನಲ್ಲೋ ವಿದೇಶದಲ್ಲೋ ನೆಲಸಿ, ಈ ಸೀಸೆಯನ್ನು ಮೇಜಿಗೆ ತರುವ ನಮ್ಮೂರಿನ ತರುಣರಿಗೆ ನನ್ನದೊಂದು ಸೂಚನೆ ಉಂಟು. ಸಿಹಿ ಬಹಳ ಕಡಮೆಯಾದ 'ಬ್ರೂಟ್' ಬಗೆಯನ್ನು ಹುಟ್ಟುಹಬ್ಬದ ಕೇಕಿನೊಡನೆ ಕುಡಿಯುವುದು ಅವಿವೇಕ. ಕೇಕಿನ ಸಕ್ಕರೆಯ ಮುಂದೆ ಅದು ಬರೀ ಹುಳಿಯಾಗಿ ತೋರುವುದು. ಸಿಹಿಗೆ 'ಡೆಮಿ-ಸೆಕ್' ಎಂಬ ಬಗೆಯೇ ತಕ್ಕದ್ದು. ಬ್ರೂಟಿಗಾದರೋ ಉಪ್ಪೂ ಜಿಡ್ಡೂ ಬೇಕು. ಫ್ರೆಂಚರು ಅದಕ್ಕೆ ಸಮುದ್ರದ ಚಿಪ್ಪುಜೀವಿಗಳನ್ನು ಹೊಂದಿಸಿದರೆ, ಆಗತಾನೆ ಎಣ್ಣೆಯಿಂದೆತ್ತಿದ ಹಲಸಿನಕಾಯಿ ಹಪ್ಪಳ ಅದಕ್ಕೇನೂ ಕಡಮೆಯದಲ್ಲ. ಖಾರ ಮಾತ್ರ ಮಿತವಾಗಿರಲಿ, ಮೆಣಸಿನ ಉರಿಯನ್ನು ಗುಳ್ಳೆಗಳು ಇಮ್ಮಡಿಸುತ್ತವೆ. ಅಪ್ಪೆಹುಳಿಯನ್ನಂತೂ ಆ ಹೊತ್ತಿಗೆ ಬಡಿಸಲೇಬಾರದು.