ಸೆಪಾಂಗಿನ ಪಂದ್ಯ, ಅವ್ವನ ಸಂಘದ ಸಾಲ

ಕಳೆದ ವಾರ ಸಿಂದಗಿಯ ಬಸ್‌ಸ್ಟ್ಯಾಂಡಿನ ಎದುರಿಗಿರುವ ಚಹಾದಂಗಡಿಯಲ್ಲಿ ನಾಲ್ಕು ಮಂದಿ ಹುಡುಗರು ಒಂದು ಹಾಳೆಯ ಸುತ್ತ ತಲೆಗೆ ತಲೆ ಹಚ್ಚಿ ಕುಳಿತಿದ್ದರು. ಯಾವುದೋ ಚುನಾವಣೆಯ ಲೆಕ್ಕವಿರಬೇಕೆಂದು ನಾವು ಕಿವಿಗೊಟ್ಟೆವು. ಅಲ್ಲ. ಮಲೇಶಿಯಾದ ಸೆಪಾಂಗ್ ಎಂಬಲ್ಲಿ ನಡೆಯುವ ಮೋಟರ್‌ಸೈಕಲ್ ಪಂದ್ಯ ನೋಡಲು ಹೋಗುವ ಲೆಕ್ಕ! ಒಬ್ಬ ಇಂಡಿಯವ, ಒಬ್ಬ ಸಿಂದಗಿಯವ, ಒಬ್ಬ ಮುದ್ದೇಬಿಹಾಳದವ, ಮತ್ತೊಬ್ಬ ಬಸವನ ಬಾಗೇವಾಡಿಯವ. ವಿಜಯಪುರದಲ್ಲಿ ಐಟಿಐ ಕಲಿಯುವಾಗ ಒಂದೇ ಖೋಲಿಯಲ್ಲಿ ಇದ್ದವರು. ಗುರುತಿನ ಹುಡುಗ ನಮ್ಮನ್ನು ಕಂಡು, "ಕಾಕಾ, ನೀವೂ ಬರ್ರಿ, ಐದನೇದವರಾಗಿ" ಎಂದ. ಚಹಾ ಕುಡಿದು ಹಾಳೆ ಇಸಿದುಕೊಂಡು ನೋಡಿದೆವು. ತಲೆಗೆ 55 ಸಾವಿರ ರೂಪಾಯಿ.

ಪಕ್ಕದ ಬೆಂಚಿನ ಹಿರಿಯರೊಬ್ಬರು ಸುಮ್ಮನಿರಲಿಲ್ಲ. "ಗಾಡಿ ಓಡೂದು ನೋಡಾಕ ಸಮುದ್ರ ದಾಟತಾರಂತ! ಹೆದ್ದಾರಿ ಮ್ಯಾಲ ಕುಂತ್ರ ದಿನಾ ಕಾಣತಾವಲ್ಲೋ ತಮ್ಮಾ, ಪುಕ್ಕಟೆ!" ಅಂಗಡಿಗೆ ಅಂಗಡಿಯೇ ನಕ್ಕಿತು. ನಾವೂ ನಕ್ಕೆವು. ಆದರೆ ಮನೆಗೆ ಬಂದ ಮೇಲೆ, ನಗುವ ಅಧಿಕಾರ ನಮಗೆಲ್ಲಿಂದ ಬಂತು ಎಂಬ ಯೋಚನೆ ಹತ್ತಿತು.

ಯಾಕೆಂದರೆ ಓಟದ ಹುಚ್ಚು ಈ ನಾಲ್ಕು ತಾಲೂಕುಗಳಿಗೆ ಹೊಸದಲ್ಲ ಸ್ವಾಮೀ. ಕಾರಹುಣ್ಣಿಮೆಯಂದು ಕರಿ ಹರಿಯುವುದನ್ನು ನೋಡಲು ಊರೇ ಅಗಸಿಯ ಮುಂದೆ ನೆರೆಯುತ್ತದೆ. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ, ಕೆಂದೆತ್ತು ಬಂದರೆ ಮುಂಗಾರಿ ಎಂದು ಲೆಕ್ಕ ಹಾಕುತ್ತೇವೆ. ತೆರಬಂಡಿ ಎಂದರೆ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗುತ್ತೇವೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇಂಥ ಓಟಗಳನ್ನು ನಿಲ್ಲಿಸಿದಾಗ ಮಂದಿ ಎಷ್ಟು ಮರುಗಿದರು! 2017ರಲ್ಲಿ ರಾಜ್ಯ ಸರಕಾರ ಕಾನೂನು ತಿದ್ದಿತು. 2023ರ ಮೇ 18ರಂದು ಅದೇ ಕೋರ್ಟು ಆ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ಈಗ ಹಲವೆಡೆ ತೆರಬಂಡಿಗೆ ಮೊದಲ ಬಹುಮಾನವೇ ಮೋಟರ್‌ಸೈಕಲ್. ಎತ್ತು ಓಡಿ ಬೈಕು ಗೆಲ್ಲುವ ಸೀಮೆಯಲ್ಲಿ, ಬೈಕಿನ ಓಟ ನೋಡಬೇಕೆನ್ನುವ ಹುಡುಗನಿಗೆ ಹುಚ್ಚನೆಂದರೆ ಹೇಗೆ?

ಹೋಗಲಿ, ಅವರೇಕೆ ಹೊರದೇಶಕ್ಕೇ ಹೋಗಬೇಕು? ಇಲ್ಲಿ ಇಲ್ಲ, ಅದಕ್ಕೆ. 2023ರ ಸೆಪ್ಟೆಂಬರ್ 22ರಿಂದ 24ರ ವರೆಗೆ ದಿಲ್ಲಿ ಹತ್ತಿರದ ಗ್ರೇಟರ್ ನೋಯ್ಡಾದಲ್ಲಿ ಮೋಟೊಜಿಪಿ ಪಂದ್ಯ ಒಮ್ಮೆ ನಡೆಯಿತು. ಬಿಸಿಲಿನ ಝಳಕ್ಕೆ 24 ಸುತ್ತುಗಳನ್ನು 21ಕ್ಕೆ ಇಳಿಸಿದ್ದರು. ಇಟಲಿಯ ಬೆಜ್ಜೆಕ್ಕಿ ಗೆದ್ದ. ನಮ್ಮ ಇಂಡಿಯ ಹುಡುಗ ಸೊಲ್ಲಾಪುರದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಅದನ್ನು ನೋಡಿ ಬಂದವನು. 2024ರಲ್ಲಿ ಆ ಪಂದ್ಯ ನಡೆಯಲಿಲ್ಲ, 2025ರಲ್ಲೂ ಇಲ್ಲ. ಹೀಗಾಗಿ ಸೆಪಾಂಗ್. ಬೆಂಗಳೂರಿನಿಂದ ನಾಲ್ಕು ತಾಸಿನ ವಿಮಾನ. 2023ರ ಡಿಸೆಂಬರ್ 1ರಿಂದ ಮಲೇಶಿಯಾ ಸರಕಾರ ಭಾರತೀಯರನ್ನು 30 ದಿವಸದ ಮಟ್ಟಿಗೆ ವೀಸಾ ಇಲ್ಲದೆ ಬಿಟ್ಟುಕೊಂಡಿತು. (ಈ ಸವಲತ್ತಿಗೆ ಅವಧಿ ಇದೆ. ಟಿಕೀಟು ತೆಗೆಸುವ ಮೊದಲು ವಿಚಾರಿಸಿಕೊಳ್ಳಬೇಕು.)

2024ರಲ್ಲಂತೂ ಪಂಚಾಂಗವೇ ರಜೆ ಕೂಡಿಸಿ ಕೊಟ್ಟಿತ್ತು. ಅಕ್ಟೋಬರ್ 31 ಗುರುವಾರ ನರಕ ಚತುರ್ದಶಿ, ನವೆಂಬರ್ 1 ರಾಜ್ಯೋತ್ಸವ, 2 ಬಲಿಪಾಡ್ಯ, 3 ಭಾನುವಾರ. ಸೆಪಾಂಗಿನ ಪಂದ್ಯ 1ರಿಂದ 3! ಹುಡುಗರು ಕುಣಿದಾಡಿದ್ದರಂತೆ. ಆದರೆ ಹಾಳೆಯ ಮೇಲೆ ನಾಲ್ಕು ದಿನದ ರಜೆ ಎಂದಿದ್ದದ್ದು ನೆಲದ ಮೇಲೆ ವಾರವಾಗುತ್ತದೆ. ನೋಡಿ: ಬುಧವಾರ ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್. ಇಂಡಿಯವ ಇಂಡಿ ರೋಡಿನಲ್ಲಿ ಹತ್ತಬೇಕು, ಸಿಂದಗಿಗೆ ರೈಲೇ ಇಲ್ಲದ್ದರಿಂದ ಅವನು ಬಸ್ಸಿನಲ್ಲಿ ವಿಜಯಪುರಕ್ಕೆ ಬರಬೇಕು, ಬಾಗೇವಾಡಿಯವ ಊರಿಂದ ದೂರದ ಬಾಗೇವಾಡಿ ರೋಡಿಗೆ, ಮುದ್ದೇಬಿಹಾಳದವ ಆಲಮಟ್ಟಿಗೆ. ಗುರುವಾರ ಮುಂಜಾನೆ ಬೆಂಗಳೂರು, ರಾತ್ರಿ ವಿಮಾನ. ಭಾನುವಾರ ಪಂದ್ಯ ಮುಗಿಸಿ ಹೊರಟರೆ ಮತ್ತೆ ಮನೆ ಕಾಣುವುದು ಮಂಗಳವಾರ. ಹೊಲದಲ್ಲಿ ತೊಗರಿ ಹೂ ಹಿಡಿದಿರುತ್ತದೆ, ದ್ರಾಕ್ಷಿಯ ಚಾಟನಿ ಆಗಿ ದಿನಕ್ಕೊಂದು ಎಣ್ಣಿ ಹೊಡೆಯುವ ಕಾಲ. ಮೇಲೆ ದೀಪಾವಳಿ. "ಹಟ್ಟಿಹಬ್ಬದ ದಿನ ಮನ್ಯಾಗ ಗಂಡುಮಗ ಇಲ್ಲಂದ್ರ ಹೆಂಗೋ?" ಎಂದು ಒಬ್ಬನ ತಾಯಿ ಅತ್ತುಬಿಟ್ಟರಂತೆ. ಆ ವರ್ಷ ಹೋಗುವುದು ತಪ್ಪಿತು.

ಪಾಸ್‌ಪೋರ್ಟೂ ಆಗಿರಲಿಲ್ಲವೆನ್ನಿ. ಅದರ ಸರಕಾರಿ ಫೀ 1500 ರೂಪಾಯಿ. ಆದರೆ ಮಾರ್ಕ್ಸ್‌ಕಾರ್ಡಿನಲ್ಲಿ ಬಸವರಾಜ, ಆಧಾರದಲ್ಲಿ ಬಸಪ್ಪ ಎಂದಿದ್ದರೆ ತಿಂಗಳುಗಟ್ಟಲೆ ತಿರುಗಾಟ. ತನಿಖೆಗೆ ಪೊಲೀಸರು ಮನೆಗೆ ಬಂದರೆ ಓಣಿ ತುಂಬ ಸುದ್ದಿ: "ಅವನ ಮಗಾ ಏನ್ ಮಾಡ್ಯಾನ?" ಆದ್ದರಿಂದ ಹೋಗುವವರು ಕಾಗದಪತ್ರಗಳನ್ನು ಆರು ತಿಂಗಳ ಮೊದಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ನಮ್ಮ ತಕರಾರು ಇರುವುದು ಇದರಲ್ಲಿ ಯಾವುದಕ್ಕೂ ಅಲ್ಲ. ಹಾಳೆಯ ಕೆಳಗೆ, ರೊಕ್ಕ ಎಲ್ಲಿಂದ ಎಂದು ಬರೆದಿದ್ದ ಸಾಲಿಗೆ. ಇಂಡಿಯವನಿಗೆ ಸ್ವಂತ ಗ್ಯಾರೇಜು; ದುಡಿದದ್ದು ಇದೆ. ಸಿಂದಗಿಯವ, ಮುದ್ದೇಬಿಹಾಳದವ ಪಗಾರದಲ್ಲಿ ಉಳಿಸಿದ್ದಾರೆ. ಬಾಗೇವಾಡಿಯವನ ಹೆಸರಿನ ಮುಂದೆ ಎರಡೇ ಶಬ್ದ: "ಅವ್ವನ ಸಂಘ".

ಕೇಳಿದೆವು. "ಏನಿಲ್ರಿ ಕಾಕಾ, ಅವ್ವನ ಹೆಸರ ಮ್ಯಾಲ ಸಂಘದಾಗ ಸಾಲ ಎತ್ತತೀನ್ರಿ. ವಾರದ ಕಂತು, ನಾನೇ ಕಟ್ಟತೀನಿ." ಅವನ ಬೈಕಿನ ಕಂತೇ ಇನ್ನೂ ಹದಿನಾಲ್ಕು ತಿಂಗಳು ಬಾಕಿ. ಅಪ್ಪನದು ಸೊಸೈಟಿಯ ಬೆಳೆಸಾಲ ಬೇರೆ.

ವಾಚಕರೇ, ವಾರದ ಕಂತು ಎಂದರೆ ಏನೆಂದು ನಮ್ಮ ತಾಯಂದಿರನ್ನು ಕೇಳಿ. ಕಂತಿನ ದಿನ ಬೆಳಗಾದರೆ ಅವರ ಎದೆ ಹೊಡೆದುಕೊಳ್ಳುತ್ತದೆ. ಒಬ್ಬಾಕೆ ಕಟ್ಟದಿದ್ದರೆ ಉಳಿದ ಹೆಣ್ಣುಮಕ್ಕಳು ಅವಳ ಬಾಗಿಲಿಗೆ ಬಂದು ಕೂಡುತ್ತಾರೆ. ಕಿರುಸಾಲದ ವಸೂಲಿಯ ಕಾಟ ಎಷ್ಟಕ್ಕೆ ಹೋಯಿತೆಂದರೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಎಮ್ಮೆಗೋ ಹೊಲಿಗೆ ಮಶೀನಿಗೋ ತೆಗೆದ ಸಾಲವಾದರೆ ಎಮ್ಮೆ ಹಾಲು ಕೊಡುತ್ತದೆ. ಸೆಪಾಂಗಿನ ಪಂದ್ಯ ಏನು ಕೊಡುತ್ತದೆ? ಫೋನಿನಲ್ಲಿ ನಾಲ್ಕು ಫೋಟೋ. ಹುಡುಗನ ಕೆಲಸ ನಡುವೆ ತಪ್ಪಿತೆನ್ನಿ, ಸಂಘದ ಹೆಂಗಸರ ಮುಂದೆ ತಲೆ ತಗ್ಗಿಸಿ ನಿಲ್ಲುವವಳು ಆ ತಾಯಿ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಕಾಕಾ ಒಬ್ಬರಿದ್ದರು. ಓಡುವ ಎತ್ತಿನ ಜೋಡಿಗಾಗಿ ಎರಡು ಎಕರೆ ಎರಿ ಹೊಲ ಒತ್ತಿ ಇಟ್ಟರು. ಎರಡನೆಯ ಜಾತ್ರೆಯಲ್ಲೇ ಒಂದು ಎತ್ತಿನ ಕಾಲು ಹೋಯಿತು. ಹೊಲ ಬಿಡಿಸಿಕೊಳ್ಳಲು ಏಳು ವರ್ಷ ಹಿಡಿಯಿತು. ಆ ಏಳು ವರ್ಷ ಕಾಕೂ ಮಂದಿಯ ಹೊಲಕ್ಕೆ ಕಳೆ ತೆಗೆಯಲು ಹೋದರು, ತಮ್ಮ ಹೊಲದ ಬದುವಿನ ಮೇಲೆಯೇ ನಡೆದು. ಕಾರಹುಣ್ಣಿಮೆಗೆ ಕಾಕೂ ಆಮೇಲೆ ಅಗಸಿಗೆ ಬಂದದ್ದನ್ನು ನಾವು ಕಾಣಲಿಲ್ಲ.

ಇನ್ನೊಂದು ಮಾತು, ಇದನ್ನು ನಾಲ್ವರಿಗೂ ಹೇಳಿದೆವು. ಸೆಪಾಂಗಿನ ಒಂದು ಸುತ್ತು 5.543 ಕಿ.ಮೀ.; ಪಂದ್ಯಕ್ಕೆ 20 ಸುತ್ತು. ಅಂದರೆ ಇಂಡಿಯಿಂದ ವಿಜಯಪುರಕ್ಕೆ ಹೋಗಿ ತಿರುಗಿ ಬಂದಷ್ಟು ದೂರ, ಸುಮಾರು 40 ನಿಮಿಷದಲ್ಲಿ! ಆ ವೇಗಕ್ಕೆ ಅಲ್ಲಿ ಬೇಲಿ ಇದೆ, ಬಿದ್ದವ ಉರುಳಿ ನಿಲ್ಲಲೆಂದು ಗರಸಿನ ಬಯಲಿದೆ, ಡಾಕ್ಟರರು ಕಾದಿರುತ್ತಾರೆ. ಸವಾರನ ಅಂಗಿಯೊಳಗೇ ಗಾಳಿಚೀಲವಿರಬೇಕೆಂದು 2018ರಿಂದ ನಿಯಮ. ಇಷ್ಟಿದ್ದೂ 2011ರ ಅಕ್ಟೋಬರ್ 23ರಂದು ಇದೇ ಸೆಪಾಂಗಿನಲ್ಲಿ ಮಾರ್ಕೊ ಸಿಮೊನ್‌ಚೆಲ್ಲಿ ಎಂಬ 24ರ ಹರೆಯದ ಇಟಲಿಯ ಹುಡುಗ ತೀರಿಕೊಂಡ. 2024ರಲ್ಲಿ ಮೊದಲ ಸುತ್ತಿನಲ್ಲೇ ಸವಾರರು ಬಿದ್ದಾಗ ಕೆಂಪು ಬಾವುಟ ಹಿಡಿದು ಪಂದ್ಯವನ್ನೇ ನಿಲ್ಲಿಸಿ, ಮತ್ತೆ 19 ಸುತ್ತಿಗೆ ಆರಂಭಿಸಿದರು. ಸಿಂದಗಿ ರಸ್ತೆಯಲ್ಲಿ ರಾತ್ರಿ ಹತ್ತಕ್ಕೆ ಮುಂದಿನ ಗಾಲಿ ಎತ್ತಿ ಓಡಿಸುವ ನಮ್ಮ ಹುಡುಗರಿಗೆ ಕೆಂಪು ಬಾವುಟ ಯಾರು ಹಿಡಿಯುತ್ತಾರೆ? ಎದುರಿಗೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು. ಚಹಾದಂಗಡಿಯ ಮುಂದೆ ನಿಂತಿದ್ದ ಅವರ ಎರಡು ಬೈಕುಗಳ ಮೇಲೆ ಹೆಲ್ಮೆಟ್ಟು ಇದ್ದದ್ದು ಒಂದೇ ಒಂದು. 55 ಸಾವಿರದ ಹಾಳೆಯಲ್ಲಿ ಇನ್ನೂ ಮೂರು ಹೆಲ್ಮೆಟ್ಟಿಗೆ ಜಾಗವಿರಲಿಲ್ಲವೇ ಎಂದು ಕೇಳಿದಾಗ ನಾಲ್ವರೂ ನೆಲ ನೋಡಿದರು.

ನಮ್ಮ ಜನಪ್ರತಿನಿಧಿಗಳಿಗೂ ಒಂದು ಬಿನ್ನಹ. ತೆರಬಂಡಿಗೆ ಬಯಲು ಕೊಡುತ್ತೀರಿ, ಪೊಲೀಸರನ್ನು ಕಳಿಸುತ್ತೀರಿ, ಬಹುಮಾನ ಹಂಚಲು ಬರುತ್ತೀರಿ. ವರ್ಷಕ್ಕೊಮ್ಮೆ ಬರಡು ಜಮೀನಿನಲ್ಲಿ ಮಣ್ಣಿನ ದಾರಿ ಮಾಡಿ, ಮೋಟರ್ ಕ್ರೀಡೆಯ ಒಕ್ಕೂಟದವರ ಉಸ್ತುವಾರಿಯಲ್ಲಿ, ಅಂಬುಲೆನ್ಸ್ ನಿಲ್ಲಿಸಿ, ಲೈಸೆನ್ಸು ಹೆಲ್ಮೆಟ್ಟು ಇದ್ದವರಿಗೇ ಪಂದ್ಯ ನಡೆಸಲು ಬರುವುದಿಲ್ಲವೇ? ರಾಜ್ಯದಲ್ಲಿ ಬೇರೆ ಕಡೆ ಮಣ್ಣಿನ ಪಂದ್ಯಗಳು ನಡೆದಿವೆ. 2015ರಲ್ಲಿ ಡಕಾರ್ ರ‍್ಯಾಲಿಗೆ ಇಳಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್, 2019ರಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದ ಐಶ್ವರ್ಯಾ ಪಿಸ್ಸೆ, ಇಬ್ಬರೂ ಕರ್ನಾಟಕದವರೇ.

ನಿನ್ನೆ ಸಂಜೆ ಇಂಡಿಯ ಹುಡುಗ ಫೋನು ಮಾಡಿದ್ದ. ಈ ಸಲದ ಪ್ರಯಾಣ ನಿಲ್ಲಿಸಿದ್ದಾರೆ. ಬಾಗೇವಾಡಿಯವನನ್ನು ಬಿಟ್ಟು ಮೂವರೇ ಹೋಗಬಹುದಿತ್ತು, ಹೋಗುವುದಿಲ್ಲವಂತೆ. ನಾಲ್ವರೂ ಬ್ಯಾಂಕಿನಲ್ಲಿ ಆರ್‌ಡಿ ತೆಗೆದಿದ್ದಾರೆ. ಬಾಗೇವಾಡಿಯವನದು ಎಲ್ಲರಿಗಿಂತ ಸಣ್ಣದು, ಬೈಕಿನ ಕಂತು ಮುಗಿದ ಮೇಲೆ ಹೆಚ್ಚಿಸುತ್ತಾನೆ. "ಅವ್ವಗ ಹೇಳಿದ್ಯಾ?" ಎಂದು ಕೇಳಿದೆವು. "ಅಂವಾ ಹೇಳ್ಯಾನ್ರಿ ಕಾಕಾ. ಮಲೇಶಿಯಾ ಎಲ್ಲೈತಿ, ಆಲಮಟ್ಟಿ ಆಚೀಗೇನು ಅಂತ ಕೇಳಿದ್ಲಂತ."