ವೆಂಕಟಪ್ಪ ಚಿತ್ರಶಾಲೆ: ದಾನವೋ, ದತ್ತಕವೋ?

ಬೆಂಗಳೂರಿಗೆ ಹೋದವರೆಲ್ಲರೂ ಕಸ್ತೂರಬಾ ರಸ್ತೆಯ ಕೆಂಪು ಬಣ್ಣದ ವಸ್ತುಸಂಗ್ರಹಾಲಯವನ್ನು ಬಲ್ಲರು. ಅದರ ಮಗ್ಗುಲಲ್ಲಿರುವ ವೆಂಕಟಪ್ಪ ಚಿತ್ರಶಾಲೆಯನ್ನು ಹೊಕ್ಕು ನೋಡಿದವರು ವಿರಳ. ಹೀಗಿದ್ದೂ, ಸರಕಾರದ ಇಂತಹ ಚಿತ್ರಶಾಲೆಗಳನ್ನು ಧನಿಕರ ವಶಕ್ಕೆ ಒಪ್ಪಿಸಿಬಿಡುವುದೇ ಲೇಸೆಂದು ವಿದ್ಯಾವಂತರೇ ಆಡುತ್ತಿರುವುದರಿಂದ ಈ ನಾಲ್ಕು ಮಾತುಗಳನ್ನು ಬರೆಯಬೇಕಾಯಿತು.

ಕೆ. ವೆಂಕಟಪ್ಪನವರು ಮೈಸೂರಿನ ಆಸ್ಥಾನ ಚಿತ್ರಗಾರರ ವಂಶದವರು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಚಿತ್ರವಿದ್ಯೆಯನ್ನು ಕಲಿತರು. ವೀಣೆ ಶೇಷಣ್ಣನವರಲ್ಲಿ ವೀಣಾಭ್ಯಾಸವನ್ನೂ ಮಾಡಿದರು. ಉದಕಮಂಡಲದ ಮಂಜನ್ನು ಜಲವರ್ಣದಲ್ಲಿ ಹಿಡಿದಿಟ್ಟರು. ಬ್ರಹ್ಮಚಾರಿಯಾಗಿಯೇ ಉಳಿದು 1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಈ ಶಾಲೆ ಏರ್ಪಟ್ಟುದು 1970ರ ದಶಕದಲ್ಲಿ. ಕೆ. ಕೆ. ಹೆಬ್ಬಾರರ ಕೃತಿಗಳಿಗೂ ಇಲ್ಲಿ ಸ್ಥಳ ದೊರೆತಿತು.

ಆದರೆ ಇದು ಗತಿಸಿದವರ ಸ್ಮಾರಕ ಮಾತ್ರವಾಗಿ ನಿಲ್ಲಲಿಲ್ಲವೆಂಬುದೇ ಮುಖ್ಯ ವಿಷಯ. ಅಲ್ಪ ಬಾಡಿಗೆಗೆ ಸಭಾಂಗಣ ಸಿಕ್ಕುತ್ತಿದ್ದುದರಿಂದ, ಹೆಸರಿಲ್ಲದ, ಹಣವಿಲ್ಲದ ತರುಣ ಕಲಾವಿದರು ತಮ್ಮ ಮೊದಲನೆಯ ಪ್ರದರ್ಶನವನ್ನು ಅಲ್ಲಿ ನಡೆಸಿದರು. ನಾನು ಉಪಾಧ್ಯಾಯನಾಗಿದ್ದಾಗ ಒಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಪಂಚಾಂಗದ ಚಿತ್ರಗಳ ಹೊರತು ಬೇರೇನನ್ನೂ ಕಾಣದಿದ್ದ ಹುಡುಗನೊಬ್ಬನು ವೆಂಕಟಪ್ಪನವರ ಬೆಟ್ಟದ ಚಿತ್ರವೊಂದರ ಮುಂದೆ ನಿಂತು, “ಸಾರ್, ಇಲ್ಲಿ ಚಳಿಯಾಗುತ್ತದೆ” ಎಂದನು. ನನಗೆ ತಿಳಿದ ಅಲಂಕಾರಶಾಸ್ತ್ರವೆಲ್ಲವೂ ಆ ಮಾತಿನ ಮುಂದೆ ಸುಮ್ಮನಾಯಿತು.

ಪೂರ್ವಪಕ್ಷವನ್ನು ಕೇಳೋಣ. ಸರಕಾರಕ್ಕೆ ಕಲೆ ತಿಳಿಯದು. ಧನಿಕನಲ್ಲಿ ಅಭಿರುಚಿಯೂ ಉಂಟು, ದ್ರವ್ಯವೂ ಉಂಟು. ಆತನು ನಡೆಸಿದರೆ ಕೇಡೇನು? ಇದರ ಪೂರ್ವಾರ್ಧವನ್ನು ನಾನು ಅಲ್ಲಗಳೆಯಲಾರೆ. ಉತ್ತರಾರ್ಧದಲ್ಲಿ ಮಾತ್ರ ಮೋಸವಿದೆ. ನಮ್ಮ ಧರ್ಮಶಾಸ್ತ್ರಕಾರರು ದಾನವೆಂದರೆ ಕೊಡುವವನು ತನ್ನ ಸ್ವತ್ವವನ್ನು ಬಿಟ್ಟು ಪರರ ಸ್ವತ್ವವನ್ನು ಉಂಟುಮಾಡುವುದೆಂದು ಹೇಳಿದರು. ಕೊಟ್ಟ ಮೇಲೆಯೂ ಯಾವ ಚಿತ್ರವನ್ನು ತೂಗಬೇಕು, ಯಾರಿಗೆ ಸಭಾಂಗಣ ಕೊಡಬೇಕು ಎಂಬ ಅಧಿಕಾರವನ್ನು ಕೈಯಲ್ಲಿ ಇರಿಸಿಕೊಂಡವನು ದಾನಿಯಲ್ಲ, ಒಡೆಯ. ಈ ಏರ್ಪಾಟಿಗೆ ‘ದತ್ತು’ ಎಂದು ಹೆಸರಿಟ್ಟರು. ತಂದೆ ಬದುಕಿ, ಮನೆಯಲ್ಲಿ ಅನ್ನವಿದ್ದು, ಮಗುವನ್ನು ದತ್ತು ಕೊಡುವುದು ಯಾವ ಲೋಕದ ನ್ಯಾಯ!

ಈ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸಲು ಒಪ್ಪಂದವಾದಾಗ, 2016ರಲ್ಲಿ ಕಲಾವಿದರು ಬಹಿರಂಗವಾಗಿ ವಿರೋಧಿಸಿದರು. ಅವರನ್ನು ಪ್ರಗತಿಯ ವೈರಿಗಳೆಂದು ಜರೆದವರೂ ಉಂಟು. ಒಪ್ಪಂದ ನಿಂತಿತು. ಆಮೇಲೆ ನಡೆದುದೇನು? ಅದೇ ರಸ್ತೆಯಲ್ಲಿ ಕಲೆಗೂ ಛಾಯಾಚಿತ್ರಕ್ಕೂ ಮೀಸಲಾದ ಖಾಸಗಿ ಸಂಗ್ರಹಾಲಯವೊಂದು ತನ್ನದೇ ಕಟ್ಟಡದಲ್ಲಿ 2023ರಲ್ಲಿ ಬಾಗಿಲು ತೆರೆಯಿತು. ಸಂತೋಷ! ಧನಿಕರು ತಮ್ಮ ಸಂಗ್ರಹಕ್ಕೆ ತಾವೇ ಮನೆ ಕಟ್ಟಿಕೊಳ್ಳಬಲ್ಲರೆಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕೆ? ಬಡ ಕಲಾವಿದನಿಗಾದರೋ ಎರಡನೆಯ ಮನೆಯಿಲ್ಲ.

ಸರಕಾರವು ಚಿತ್ರವಿದ್ಯೆಯನ್ನು ಬಲ್ಲವರನ್ನು ಅಲ್ಲಿ ನೇಮಿಸಲಿ, ಪ್ರತಿ ಚಿತ್ರದ ಕೆಳಗೆ ಶುದ್ಧ ಕನ್ನಡದಲ್ಲಿ ವಿವರಣೆ ಬರೆಯಿಸಲಿ, ಬಾಡಿಗೆಯನ್ನು ಹೆಚ್ಚಿಸದಿರಲಿ. ಹಣ ಕೊಡುವವರು ಕೊಟ್ಟು ಕೈತೊಳೆದುಕೊಳ್ಳಲಿ.

ಖಾಸಗಿಯವರ ಪರವಾಗಿ ಬಹಳ ಹೊತ್ತು ವಾದಿಸಿದ ಮಿತ್ರರೊಬ್ಬರನ್ನು, “ತಾವು ಆ ಚಿತ್ರಶಾಲೆಯನ್ನು ಎಂದಾದರೂ ನೋಡಿದ್ದೀರಾ?” ಎಂದು ಕೇಳಿದೆ. ಬೆಂಗಳೂರಿನಲ್ಲಿಯೇ ಮೂವತ್ತು ವರ್ಷ ನೌಕರಿ ಮಾಡಿದವರು ಅವರು. ಇಲ್ಲವೆಂದರು.